ಮಾತಾಡಿಸುವ ಆಟ

ಮನೆ ಎರಡಾಗುತ್ತಿದೆ ಎಂಬ ಸಂಗತಿ ಶೇಷಗಿರಿಯವರಿಗೆ ತಿಳಿದದ್ದು ಮೊಮ್ಮಗಳ ಬಾಯಿಂದ, ಅದೂ ಉಪ್ಪಿಟ್ಟು ತಿನ್ನುವಾಗ.

“ತಾತ, ಅಮ್ಮ ನಾಗಸಂದ್ರದಲ್ಲಿ ಬಾಡಿಗೆ ಮನೆ ನೋಡಿದಾಳೆ,” ಎಂದಳು ಸಂಹಿತಾ, ಕರಿಬೇವನ್ನು ತಟ್ಟೆಯ ಅಂಚಿಗೆ ತಳ್ಳುತ್ತಾ. “ಮೆಟ್ರೋ ಸ್ಟೇಷನ್ ಹತ್ರ. ಗ್ರೌಂಡ್ ಫ್ಲೋರ್. ನನ್ನ ಪರೀಕ್ಷೆ ಮುಗಿದ್ಮೇಲೆ ನಾವಿಬ್ರೂ ಅಲ್ಲಿಗೆ ಹೋಗ್ತೀವಂತೆ.”

“ನಿಮ್ಮಪ್ಪ?”

“ಬೇಕಾದ್ರೆ ಬರ್ಲಿ ಅಂದ್ಳು. ಅಪ್ಪನ ಹತ್ರ ಅಲ್ಲ, ನನ್ನ ಹತ್ರ.”

ಶೇಷಗಿರಿಯವರ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಮಗ ಗುರುಚರಣ್ ಮತ್ತು ಸೊಸೆ ವಂದನಾ ಒಬ್ಬರಿಗೊಬ್ಬರು ಮಾತಾಡುತ್ತಿಲ್ಲ ಎಂಬುದನ್ನು ಅವರು ಗಮನಿಸಿರಲಿಲ್ಲ ಎಂದಲ್ಲ. ಗಮನಿಸಿದ್ದರು, ಆದರೆ ಮಾತು ಕಡಿಮೆಯಾಗುವುದು ವಯಸ್ಸಿನ ಲಕ್ಷಣ, ನಲವತ್ತು ದಾಟಿದ ಗಂಡ ಹೆಂಡತಿ ಏನು ಮಾತಾಡಿಯಾರು ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡಿದ್ದರು. ಇಂಥ ಸಮಾಧಾನಗಳನ್ನು ಹೇಳಿಕೊಳ್ಳುವುದರಲ್ಲಿ ಅವರದು ಎತ್ತಿದ ಕೈ. ಮೂವತ್ತಾರು ವರ್ಷ ರೈಲ್ವೆಯಲ್ಲಿ ದುಡಿದು, ಹತ್ತಾರು ಸಣ್ಣ ಊರುಗಳ ಸ್ಟೇಷನ್ ಮಾಸ್ಟರಾಗಿ ಕೊನೆಗೆ ಯಶವಂತಪುರದಲ್ಲಿ ನಿವೃತ್ತರಾದವರು. ಗಾಡಿ ಹಳಿಯ ಮೇಲೆ ಇದೆ ತಾನೇ ಎಂದು ನೋಡುವುದು ಅಭ್ಯಾಸ. ಒಳಗೆ ಕೂತವರ ಮುಖ ನೋಡುವುದಲ್ಲ.

ಹೆಂಡತಿ ಸೀತಾ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಶೇಷಗಿರಿ ಬಾಗಿಲಲ್ಲಿ ನಿಂತು ಕೇಳಿದರು.

“ಏನೇ ಇದು? ಮನೆ ನೋಡಿದಾಳಂತೆ?”

“ಹೂಂ.”

“ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಯಾತಕ್ಕೆ ಜಗಳ ಅವರಿಗೆ?”

ಸೀತಾ ಒಂದು ಕಾಯಿ ಬಿಡಿಸಿದರು, ಹುಳ ಸಿಕ್ಕಿತು, ಎಸೆದರು. “ನನ್ನ ಕೇಳ್ಬೇಡಿ,” ಎಂದರು. “ನನಗೆ ಸಾಕಾಗಿದೆ.”

ಸೀತಾಳಿಗೆ ಸಾಕಾಗುವುದಕ್ಕೆ ಏನಾಗಿದೆ ಎಂಬುದೂ ಶೇಷಗಿರಿಯವರಿಗೆ ತಿಳಿಯಲಿಲ್ಲ. ಅವರು ಮುಂಬಾಗಿಲ ಪಕ್ಕದ ತಮ್ಮ ರೂಮಿಗೆ ಹೋಗಿ ಕೂತರು. ಯಲಹಂಕ ಉಪನಗರದ ಆ ಮನೆಯಲ್ಲಿ ಅದನ್ನು ಎಲ್ಲರೂ ‘ಆಫೀಸು’ ಎಂದೇ ಕರೆಯುತ್ತಾರೆ. ಒಂದು ಮೇಜು, ಒಂದು ಮಂಚ, ನಾಲ್ಕು ವರ್ಷದ ಪೇಪರು, ಪಕ್ಕದಲ್ಲೇ ಬಚ್ಚಲು. ನಿವೃತ್ತ ರೈಲ್ವೆಯವರ ಪಿಂಚಣಿ ಅರ್ಜಿಗಳನ್ನು ತುಂಬಿಕೊಡುವ ಪುಣ್ಯಕಾರ್ಯ ಅಲ್ಲೇ ನಡೆಯುತ್ತದೆ. ಆವತ್ತು ಮಾತ್ರ ಅವರು ಒಂದು ಅರ್ಜಿಯನ್ನೂ ಮುಟ್ಟಲಿಲ್ಲ. ಸಂಹಿತಾ ಇಲ್ಲದ ಮನೆ ಹೇಗಿರುತ್ತದೆ ಎಂದೇ ಯೋಚಿಸುತ್ತಾ ಕೂತರು.

ಆ ದಿನದಿಂದ ಅವರು ಮಗ ಸೊಸೆಯನ್ನು ಕಣ್ಣಿಟ್ಟು ನೋಡತೊಡಗಿದರು. ನೋಡಿದಷ್ಟೂ ತಲೆ ಕೆಟ್ಟಿತು. ಜಗಳವಾಡಿದವರ ಮನೆ ಹೀಗಿರುತ್ತದೆಯೇ? ವಂದನಾ ಗಂಡನಿಗೆ ಮೂರನೇ ಚಪಾತಿಯನ್ನು ಅವನು ಕೇಳುವ ಮೊದಲೇ ಹಾಕುತ್ತಾಳೆ. ಅವಳು ಪೀಣ್ಯದ ಔಷಧಿ ಕಂಪನಿಗೆ ಹೊರಡುವ ಹೊತ್ತಿಗೆ ಸ್ಕೂಟರನ್ನು ಗೇಟಿನತ್ತ ತಿರುಗಿಸಿ ಇಟ್ಟಿರುತ್ತಾನೆ ಗುರುಚರಣ್. ಗ್ಯಾಸ್ ಮುಗಿದರೆ ಒಬ್ಬರು ಸಿಲಿಂಡರ್ ಉರುಳಿಸುತ್ತಾರೆ, ಇನ್ನೊಬ್ಬರು ಬಾಗಿಲು ಹಿಡಿಯುತ್ತಾರೆ. ಎಲ್ಲವೂ ಸರಿಯಾಗಿ ಟೈಮಿಗೆ. ಮಾತು ಒಂದು ಬಿಟ್ಟು. ಮಾತು ಬೇಕೇ ಬೇಕಾದಾಗ ಸಂಹಿತಾ.

“ಸಂಹಿತಾ, ನಿಮ್ಮಪ್ಪಂಗೆ ಹೇಳು, ನೀರಿನ ಟ್ಯಾಂಕರ್ ಬರತ್ತೆ ಹತ್ತು ಗಂಟೆಗೆ.”

ನಿಮ್ಮಪ್ಪ ಎರಡು ಮೊಳ ದೂರದಲ್ಲಿ ಶೂ ಕಟ್ಟುತ್ತಿರುತ್ತಿದ್ದ.

ಬೆಳಗಿನ ವಾಕಿಂಗಿನಲ್ಲಿ ಶೇಷಗಿರಿ ಇದನ್ನು ಮುನಿಶಾಮಪ್ಪನ ಮುಂದೆ ತೋಡಿಕೊಂಡರು. ಮುನಿಶಾಮಪ್ಪ ಆ ಕಡೆಯ ಹಳಬರು. ಹೂಕೋಸು ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ಅಪಾರ್ಟ್‌ಮೆಂಟು ನಿಂತಿದೆ.

“ಅಯ್ಯೋ ಸ್ವಾಮಿ, ನಮ್ಮನೇಲೂ ಇಂಗೇ ಆಗಿತ್ತು,” ಎಂದರು ಅವರು. “ಇಬ್ರು ಮಕ್ಳೂ ಒಂದು ವರ್ಷ ಮುಖ ನೋಡಿರ್ಲಿಲ್ಲ. ಉಗಾದಿ ದಿನ ಎಲೆ ಆಕಿ ಕೂರುಸ್ದೆ. ಮೂರನೇ ಆಟಕ್ಕೆ ಒಬ್ಬ ಕಳ್ಳಾಟ ಆಡ್ದ, ಇನ್ನೊಬ್ಬ ಬಾಯಿಗೆ ಬಂದಂಗೆ ಬೈದ. ಮಾತು ಶುರುವಾಯ್ತಲ್ಲ, ಅಷ್ಟೇ. ಆಟ ಆಡ್ಸಿ ನೀವೂ.”

“ನಮ್ಮನೇಲಿ ಇಸ್ಪೀಟು ಆಡಲ್ಲ ಮುನಿಶಾಮಪ್ಪ.”

“ಬ್ಯಾರೇದು ತನ್ನಿ. ಈಗೆಲ್ಲ ಏನೇನೋ ಬಂದವೆ ಡಬ್ಬದಲ್ಲಿ. ನನ್ನ ಮೊಮ್ಮಕ್ಕಳು ಆರ್‌ಟಿ ನಗರದಿಂದ ಬಾಡಿಗೆಗೆ ತತ್ತಾರೆ.”

ಹಾಗೆ ಶೇಷಗಿರಿ, ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ, ಬಸ್ಸು ಹತ್ತಿ ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಮಹಡಿಗೆ ಹೋದರು. ಮಜೀದ್ ಎಂಬ ಯುವಕನ ಅಂಗಡಿ. ನಾಲ್ಕು ಗೋಡೆಗೂ ಡಬ್ಬಗಳು. ಇಷ್ಟೊಂದು ಆಟಗಳು ಇರುವಾಗ ಜನ ಕೆಲಸ ಯಾವಾಗ ಮಾಡುತ್ತಾರೆ ಎಂದು ಶೇಷಗಿರಿ ಕಂಗಾಲಾದರು.

“ಬನ್ನಿ ಅಂಕಲ್. ಎಷ್ಟು ಜನ ಆಡ್ತೀರಾ?”

“ಐದು.”

“ಸಣ್ಣ ಆಟನಾ, ಎರಡು ಗಂಟೆ ಆಟನಾ? ಲೆಕ್ಕ ಹಾಕೋದಾ, ನಗೋದಾ? ಸೋತ್ರೆ ಬೋರ್ಡು ಎತ್ತಿ ಹಾಕೋರು ಯಾರಾದ್ರೂ ಇದಾರಾ ಮನೇಲಿ?”

ಶೇಷಗಿರಿ ತಬ್ಬಿಬ್ಬಾದರು. ಸಂಸಾರದ ಗುಟ್ಟನ್ನು ಅಂಗಡಿಯವನ ಮುಂದೆ ಬಿಚ್ಚಲು ಮನಸ್ಸಿಲ್ಲ. ಬಿಚ್ಚದೆ ಆಟ ಆರಿಸುವ ದಾರಿಯಿಲ್ಲ. ಕೊನೆಗೆ ಮೆಟ್ಟಿಲ ಕಡೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು.

“ಮಾತಾಡ್ದೇ ಇದ್ರೆ ಮುಂದಕ್ಕೆ ಹೋಗ್ಬಾರ್ದು. ಅಂಥದ್ದು ಕೊಡಿ.”

“ಓ, ಹಂಗಾದ್ರೆ ವ್ಯಾಪಾರದ ಆಟ!” ಎಂದು ಮಜೀದ್ ಒಂದು ದೊಡ್ಡ ಡಬ್ಬ ಇಳಿಸಿದ. “ಮರ, ಇಟ್ಟಿಗೆ, ಗೋಧಿ, ಉಣ್ಣೆ. ಒಬ್ಬರ ಹತ್ರ ಇರೋದು ಇನ್ನೊಬ್ಬರಿಗೆ ಬೇಕು. ಬಾಯಿ ಬಿಡದೆ ಒಂದು ಗುಡಿಸಲೂ ಕಟ್ಟೋಕಾಗಲ್ಲ. ಗ್ಯಾರಂಟಿ.”

ಭಾನುವಾರ ಊಟವಾದ ಮೇಲೆ, ಅವರೆಕಾಳಿನ ಸಾರು ಇನ್ನೂ ಗಂಟಲಲ್ಲಿರುವಾಗಲೇ, ಶೇಷಗಿರಿ ಹಾಲಿನ ನೆಲದ ಮೇಲೆ ಚಾಪೆ ಹಾಸಿ ಡಬ್ಬ ಬಿಚ್ಚಿದರು. ನಿಯಮಪುಸ್ತಕವನ್ನು ಮೂರು ದಿನ ಓದಿ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದರು. ಗುರುಚರಣ್ ಗಡಿಯಾರ ನೋಡಿದ, ವಂದನಾ ಒಗೆದ ಬಟ್ಟೆಯ ರಾಶಿ ನೋಡಿದಳು. ಆದರೂ ಅಪ್ಪ ಹೇಳಿದ್ದು, ಮಾವ ಹೇಳಿದ್ದು, ಇಬ್ಬರೂ ಕೂತರು. ಎದುರುಬದುರು ಮೂಲೆಗಳಲ್ಲಿ.

ಮೊದಲ ಹತ್ತು ನಿಮಿಷ ಸರಿಯಾಗಿಯೇ ಹೋಯಿತು. ಆಮೇಲೆ ಗುರುಚರಣನಿಗೆ ಇಟ್ಟಿಗೆ ಬೇಕಾಯಿತು. ಇಟ್ಟಿಗೆಯೆಲ್ಲ ವಂದನಾಳ ಹತ್ತಿರ. ಶೇಷಗಿರಿ ಉಸಿರು ಬಿಗಿಹಿಡಿದರು.

“ಸಂಹಿತಾ,” ಎಂದ ಗುರುಚರಣ್, “ನಿಮ್ಮಮ್ಮನ್ನ ಕೇಳು, ಇಟ್ಟಿಗೆ ಕೊಡ್ತಾಳಾ ಅಂತ.”

“ಏನ್ ಕೊಡ್ತಾರಂತೆ ಕೇಳು,” ಎಂದಳು ವಂದನಾ, ಬೋರ್ಡಿನಿಂದ ಕಣ್ಣೆತ್ತದೆ.

ಸಂಹಿತಾಳಿಗೆ ಹನ್ನೆರಡು ವರ್ಷ. ಆದರೆ ಯಶವಂತಪುರದ ಮಂಡಿಯ ದಲ್ಲಾಳಿಯ ಬುದ್ಧಿ. “ಕೇಳ್ತೀನಿ. ಆದ್ರೆ ಒಂದೊಂದ್ಸಲ ಕೇಳೋದಕ್ಕೂ ನನಗೆ ಒಂದು ಗೋಧಿ. ಇಬ್ರೂ ಕೊಡ್ಬೇಕು,” ಎಂದಳು.

ಇಬ್ಬರೂ ಮರುಮಾತಿಲ್ಲದೆ ಕೊಟ್ಟರು. ಗಂಟೆ ಕಳೆಯುವಷ್ಟರಲ್ಲಿ ಸಂಹಿತಾಳ ಮುಂದೆ ಗೋಧಿಯ ರಾಶಿ. ಅವಳು ನಗರ ಕಟ್ಟಿದಳು, ರಸ್ತೆ ಹಾಕಿದಳು, ಗೆದ್ದು ಚಾಪೆಯ ಮೇಲೆ ಕುಣಿದಳು. ಮಧ್ಯಸ್ಥಿಕೆಗೆ ಸಂಭಾವನೆ ಕೊಡಬಾರದು ಎಂದು ನಿಯಮಪುಸ್ತಕದಲ್ಲಿ ಎಲ್ಲಾದರೂ ಇದೆಯೇ ಎಂದು ಶೇಷಗಿರಿ ಕೊನೆಯ ಪುಟದವರೆಗೂ ಹುಡುಕಿದರು. ಇರಲಿಲ್ಲ.

“ಅಪ್ಪ, ಮುಗೀತಾ?” ಎಂದು ಗುರುಚರಣ್ ಎದ್ದ.

ಮುಂದಿನ ವಾರ ಮಜೀದ್ ಇನ್ನೊಂದು ಡಬ್ಬ ಕೊಟ್ಟ. ಇದು ಬುರುಡೆ ಬಿಡುವ ಆಟ. ಚೀಟಿಯನ್ನು ಬೋರಲಾಗಿಟ್ಟು ‘ಇದು ರಾಜ’ ಎನ್ನಬೇಕು, ‘ಇದು ಮಂತ್ರಿ’ ಎನ್ನಬೇಕು. ನಂಬದವರು ಹೇಳಿದವರ ಮುಖವನ್ನೇ ನೋಡಿ ‘ಸುಳ್ಳು’ ಎನ್ನಬೇಕು. “ನೇರವಾಗಿ ಹೇಳ್ಬೇಕು ಅಂಕಲ್, ಬೇರೆಯವರ ಕೈಲಿ ಹೇಳ್ಸೋ ಹಾಗಿಲ್ಲ,” ಎಂದು ಮಜೀದ್ ಒತ್ತಿ ಹೇಳಿದ. ಗೋಧಿಯ ಕಥೆಯನ್ನು ಶೇಷಗಿರಿ ಅವನಿಗೆ ಹೇಳಿಬಿಟ್ಟಿದ್ದರು. ಮನೆಯ ಹೊರಗೆ ಅವರ ಬಾಯಿ ಅಷ್ಟೇನೂ ಗಟ್ಟಿಯಿರಲಿಲ್ಲ.

ಆ ಭಾನುವಾರ ಮುನಿಶಾಮಪ್ಪನನ್ನೂ ಕರೆದರು. ಹೊರಗಿನವರು ಒಬ್ಬರಿದ್ದರೆ ಮಗ ಸೊಸೆ ಮರ್ಯಾದೆಗಾದರೂ ಮಾತಾಡಿಯಾರು ಎಂಬ ಲೆಕ್ಕ. ಆದರೆ ಆಟ ಶುರುವಾಗುವ ಮೊದಲೇ ಸೀತಾ ತಕರಾರು ತೆಗೆದರು.

“ಇವತ್ತು ಏಕಾದಶಿ. ನಾನು ಸುಳ್ಳು ಹೇಳಲ್ಲ.”

“ಆಟದಲ್ಲಿ ಹೇಳೋದು ಕಣೇ!”

“ಆಟದಲ್ಲಾದ್ರೂ ನಾಲಿಗೆ ನಂದೇ ಅಲ್ವಾ?”

ಹಾಗಾಗಿ ಸೀತಾ ತಮ್ಮ ಸರದಿ ಬಂದಾಗಲೆಲ್ಲ ಇದ್ದದ್ದನ್ನು ಇದ್ದ ಹಾಗೆ ಹೇಳಿದರು, ಏಕಾದಶಿಯ ಮಾತೇ ಒಂದು ಬುರುಡೆ ಇರಬೇಕೆಂದು ಯಾರೂ ನಂಬಲಿಲ್ಲ, ನಂಬದವರೆಲ್ಲ ದಂಡ ತೆತ್ತರು. ಮುನಿಶಾಮಪ್ಪ ಮೂರು ಸಲ ಅದೇ ಮಂತ್ರಿಯ ಬುರುಡೆ ಬಿಟ್ಟು ದಕ್ಕಿಸಿಕೊಂಡರು. ಸಂಹಿತಾ ನಕ್ಕು ನಕ್ಕು ಹಿಂದಕ್ಕೆ ಬಿದ್ದಳು. ವಂದನಾ ಕೂಡ ನಕ್ಕಳು. ಶೇಷಗಿರಿಯವರಿಗೆ ಜೀವ ಬಂದ ಹಾಗಾಯಿತು.

ಗುರುಚರಣನ ಸರದಿ. ಅವನು ಒಂದು ಚೀಟಿ ಕೆಳಗಿಟ್ಟು, “ರಾಜ,” ಎಂದ.

“ಸುಳ್ಳು,” ಎಂದಳು ವಂದನಾ.

ಏಳೆಂಟು ವಾರಗಳಲ್ಲಿ ಅವಳು ಗಂಡನ ಮುಖ ನೋಡಿ ಆಡಿದ ಮೊದಲನೆಯ ಮಾತು ಅದು. ಅವಳ ಕಣ್ಣು ಚೀಟಿಯ ಮೇಲೆ ಇರಲಿಲ್ಲ. ಗುರುಚರಣನ ಕಿವಿ ಕೆಂಪಾಯಿತು. ಅವನು ಚೀಟಿ ತಿರುಗಿಸಿದ. ರಾಜನೇ.

“ನಿಜಾನೇ ಇದೆ!” ಎಂದರು ಶೇಷಗಿರಿ ಉತ್ಸಾಹದಿಂದ. “ವಂದನಾ, ನಿಂದೇ ತಪ್ಪಾಯ್ತಮ್ಮ. ಒಂದು ಚೀಟಿ ದಂಡ.”

“ಆಟದಲ್ಲಿ ನಿಜ ಇರ್ಬೋದು ಮಾವ,” ಎಂದು ವಂದನಾ ತನ್ನ ಕೈಯಲ್ಲಿದ್ದ ಚೀಟಿಗಳನ್ನೆಲ್ಲ ಚಾಪೆಯ ಮೇಲಿಟ್ಟು ಎದ್ದು ಅಡುಗೆಮನೆಗೆ ಹೋದಳು. ಗುರುಚರಣ್ ಹಿಂದೆಯೇ ಹೋದ. ನಲ್ಲಿ ಜೋರಾಗಿ ಬಿಟ್ಟರು. ನೀರಿನ ಸದ್ದಿನ ಮಧ್ಯೆ ಅಷ್ಟಿಷ್ಟು ಕೇಳಿಸಿತು.

“... ಕೇಳಿದೀನಿ ಅಂದೆನಲ್ಲ!”

“ಯಾವತ್ತು ಕೇಳಿದ್ರಿ? ಯಾವ ವಾರ? ದಿನಾ ನನ್ನ ಹತ್ರ ಮಂಡಿ ಹೇಗಿದೆ ಅಂತ ವಿಚಾರಿಸೋ ಮನುಷ್ಯ...”

“ಮೆತ್ತಗೆ ಮಾತಾಡು.”

“ಮೆತ್ತಗೆ ಮಾತಾಡಿ ಮಾತಾಡಿನೇ ಇಲ್ಲಿಗೆ ಬಂದಿರೋದು.”

ಮುನಿಶಾಮಪ್ಪ ಪಂಚೆ ಸರಿಮಾಡಿಕೊಂಡು ಎದ್ದರು. “ಸ್ವಾಮಿ, ನಾನು ಬತ್ತೀನಿ. ಮಾತೇನೋ ಶುರುವಾಯ್ತು,” ಎಂದು ಪಿಸುಗುಟ್ಟಿ ಚಪ್ಪಲಿ ಹುಡುಕಿದರು.

ಶೇಷಗಿರಿ ಚಾಪೆಯ ಮೇಲೆ ಒಬ್ಬರೇ ಕೂತು ಯೋಚಿಸಿದರು. ಮಂಡಿ ಎಂದರೆ ವಂದನಾಳ ತಾಯಿ ಕಲಾವತಿಯವರ ಮಂಡಿ. ತುಮಕೂರಿನಲ್ಲಿ ಮಗನ ಮನೆಯಲ್ಲಿರುವ ಆಕೆಗೆ ದೀಪಾವಳಿಯ ಹೊತ್ತಿಗೆ ಮಂಡಿ ಆಪರೇಷನ್ ಆಗಿತ್ತು. ‘ನಿಮ್ಮಮ್ಮನ ಮಂಡಿ ಹೇಗಿದೆಯಮ್ಮ’ ಎಂದು ದಿನಾ ವಿಚಾರಿಸುವ ಮನುಷ್ಯ ತಾವೇ. ವಿಚಾರಿಸಬಾರದಿತ್ತೇ? ಅದರಿಂದ ಸೊಸೆಗೆ ಬೇಜಾರಾಯಿತೇ? ಮಗ ಏನು ಕೇಳಿದ, ಯಾರನ್ನು ಕೇಳಿದ, ಒಂದೂ ಅರ್ಥವಾಗಲಿಲ್ಲ. ಸೀತಾಳ ಮುಖ ನೋಡಿದರು. ಸೀತಾ ಚೀಟಿಗಳನ್ನು ಒಂದೊಂದಾಗಿ ಡಬ್ಬಕ್ಕೆ ಹಾಕುತ್ತಿದ್ದರು, ತಲೆ ಎತ್ತಲಿಲ್ಲ.

ಆ ವಾರವೆಲ್ಲ ಮನೆ ಇನ್ನೂ ಕೆಟ್ಟಿತು. ಸೊಪ್ಪಿಗೆ ಉಪ್ಪು ಹೆಚ್ಚಾಯಿತೆಂದು ಸಂಹಿತಾ ಅಂದರೆ ವಂದನಾ ತಟ್ಟೆ ಎತ್ತಿಕೊಂಡಳು. ಸಂಹಿತಾ ಅತ್ತಳು. ಗುರುಚರಣ್ ಹೆಬ್ಬಾಳದ ಟ್ರಾಫಿಕ್ಕಿನ ನೆಪ ಹೇಳಿ ತಡವಾಗಿ ಬಂದ. ಗುರುವಾರ ಸಂಹಿತಾ ತಾತನ ಆಫೀಸಿಗೆ ಬಂದು ಮೇಜಿನ ಮೇಲೆ ಹತ್ತಿ ಕೂತಳು.

“ಈ ಭಾನುವಾರ ಐದು ಗಂಟೆಗೆ ಅಮ್ಮ ಅಡ್ವಾನ್ಸ್ ಕೊಡೋಕೆ ಹೋಗ್ತಾಳೆ ತಾತ. ಓನರ್ ಯಲ್ಲಮ್ಮ ಅಂತ. ಬೇರೆಯೋರು ಕೇಳ್ತಿದಾರೆ, ಇನ್ನು ಕಾಯಲ್ಲ ಅಂದ್ರಂತೆ.”

“ನಿನಗೆ ಹೋಗೋಕೆ ಇಷ್ಟಾನಾ ಪುಟ್ಟಾ?”

“ನನ್ನ ಯಾರೂ ಕೇಳಿಲ್ಲ,” ಎಂದಳು ಸಂಹಿತಾ. ಅವಳ ಕಾಲು ಮೇಜಿನ ಕೆಳಗೆ ತೂಗಾಡುತ್ತಿತ್ತು.

ಶೇಷಗಿರಿ ಮೂರನೆಯ ಸಲ ಆರ್.ಟಿ. ನಗರದ ಬಸ್ಸು ಹತ್ತಿದರು. ಈ ಸಲ ಅವರು ಖಡಾಖಂಡಿತವಾಗಿ ಹೇಳಿದರು: ವ್ಯಾಪಾರ ಬೇಡ, ಸುಳ್ಳು ಬೇಡ, ಒಬ್ಬರನ್ನೊಬ್ಬರು ಸೋಲಿಸುವುದೂ ಬೇಡ. ಎಲ್ಲರೂ ಒಂದೇ ಕಡೆ ಇರಬೇಕು. ಗೆದ್ದರೆ ಎಲ್ಲರೂ, ಸೋತರೆ ಎಲ್ಲರೂ. ಮಜೀದ್ ತಲೆ ಕೆರೆದು, ಬಹಳ ಹೊತ್ತು ಕಪಾಟುಗಳ ಮುಂದೆ ಅಡ್ಡಾಡಿ, ಅಂಗೈಯಗಲದ ಒಂದು ಸಣ್ಣ ಡಬ್ಬ ತಂದ.

“ಇದು ಬೆಸ್ಟು ಅಂಕಲ್. ಇದನ್ನ ಆಡಿದ ಫ್ಯಾಮಿಲಿಗಳು ವಾಪಸ್ ಕೊಡೋಕೇ ಬರಲ್ಲ.”

ಅಷ್ಟು ಸಣ್ಣ ಡಬ್ಬಕ್ಕೆ ಮೂರು ದಿನದ ಓದು ಯಾಕೆ ಎಂದು ಶೇಷಗಿರಿ ನಿಯಮಪುಸ್ತಕ ಬಿಚ್ಚಿದ್ದು ಭಾನುವಾರ ಮೂರೂವರೆಗೆ, ಎಲ್ಲರೂ ಚಾಪೆಯ ಮೇಲೆ ಕೂತ ಮೇಲೆ. ಅಷ್ಟರಲ್ಲಿ ವಂದನಾ ಸೀರೆ ಬದಲಿಸಿ ಬಂದಿದ್ದಳು. ಹೆಗಲ ಚೀಲ ಪಕ್ಕದಲ್ಲೇ ಇತ್ತು. “ನಾಲ್ಕೂವರೆವರೆಗೂ ಇರ್ತೀನಿ ಮಾವ,” ಎಂದಳು.

ಶೇಷಗಿರಿ ಕನ್ನಡಕ ಏರಿಸಿ ಓದಿದರು. ಒಂದರಿಂದ ನೂರರವರೆಗೆ ಅಂಕಿಯಿರುವ ಚೀಟಿಗಳು. ಎಲ್ಲರಿಗೂ ಒಂದೊಂದು ಹಂಚಬೇಕು. ಕಡಿಮೆ ಅಂಕಿಯಿಂದ ಶುರುಮಾಡಿ ಏರುತ್ತಾ ಒಬ್ಬೊಬ್ಬರೂ ಮಧ್ಯದಲ್ಲಿ ಇಡಬೇಕು. ಸರದಿ ಇಲ್ಲ, ಯಾವಾಗ ಇಡಬೇಕೆಂದು ಅವರವರಿಗೇ ತೋಚಬೇಕು. ಕಡಿಮೆ ಅಂಕಿ ಇನ್ನೊಬ್ಬರ ಕೈಯಲ್ಲಿರುವಾಗ ದೊಡ್ಡದನ್ನು ಇಟ್ಟರೆ ಆ ಸುತ್ತು ಸೋತಂತೆ. ಗೆದ್ದರೆ ಮುಂದಿನ ಸುತ್ತಿಗೆ ಎರಡೆರಡು ಚೀಟಿ, ಆಮೇಲೆ ಮೂರು ಮೂರು, ಹೀಗೆ ಏಳು ಸುತ್ತು. ಇಲ್ಲಿಯವರೆಗೆ ಸುಲಭವೇ. ಮುಂದಿನ ಸಾಲು ಓದಿ ಅವರ ದನಿ ಇಳಿಯಿತು.

“ಆಟ ಮುಗಿಯುವ ತನಕ ಯಾರೂ... ಮಾತಾಡಬಾರದು. ಕೈಸನ್ನೆ, ಕಣ್ಸನ್ನೆ ಕೂಡ ಮಾಡಬಾರದು.”

ಮಾತಾಡಿಸುವ ಆಟ ತರಲು ಹೋಗಿ ಬಾಯಿ ಮುಚ್ಚಿಸುವ ಆಟ ತಂದಿದ್ದರು. ಬೇರೆಯವರಾಗಿದ್ದರೆ ಆ ಸಾಲನ್ನು ನುಂಗಿಬಿಡುತ್ತಿದ್ದರು. ಶೇಷಗಿರಿ ನಿಯಮಪುಸ್ತಕದ ಸಾಲು ನುಂಗುವ ಜಾತಿಯವರಲ್ಲ.

“ಮೊದಲು ಅಪ್ಪ ಅಮ್ಮ ಆಡ್ಲಿ,” ಎಂದಳು ಸಂಹಿತಾ. “ಆಮೇಲೆ ತಾತ ಅಜ್ಜಿ. ನಾನು ಅಂಪೈರ್.”

ಗುರುಚರಣ್ ಒಂದು ಚೀಟಿ ತೆಗೆದುಕೊಂಡ, ವಂದನಾ ಒಂದು. ಇಬ್ಬರೂ ಒಂದು ನಿಮಿಷ ತಮ್ಮ ತಮ್ಮ ಕೈ ನೋಡಿಕೊಂಡು ಕೂತರು. ವಂದನಾ ಮೂವತ್ತೆಂಟು ಇಟ್ಟಳು. ಅವನು ನಲವತ್ತೊಂದು ಇಟ್ಟ. ಎರಡೆರಡು ಚೀಟಿ: ಹನ್ನೆರಡು, ಮೂವತ್ತು, ಎಪ್ಪತ್ತು, ಎಪ್ಪತ್ತೆರಡು. ಮೂರು ಮೂರು. ನಾಲ್ಕು ನಾಲ್ಕು. ಅವಳ ಕೈ ಮುಂದೆ ಬಂದರೆ ಅವನದು ಹಿಂದೆ ಸರಿಯುತ್ತಿತ್ತು, ಅವನು ತಡೆದರೆ ಅವಳು ಇಡುತ್ತಿದ್ದಳು. ಸಂಹಿತಾ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಏಳನೆಯ ಸುತ್ತಿನವರೆಗೆ ಒಂದೇ ಒಂದು ಚೀಟಿ ತಪ್ಪಲಿಲ್ಲ.

“ಗೆದ್ರು! ಗೆದ್ರು!” ಎಂದು ಸಂಹಿತಾ ಕೂಗಿದಳು. “ಹೇಗಮ್ಮ ಗೊತ್ತಾಯ್ತು ನಿಂಗೆ?”

ಶೇಷಗಿರಿಯವರ ಕಣ್ಣು ತುಂಬಿ ಬಂತು. ಇಷ್ಟು ಹೊಂದಿಕೊಂಡವರು ಬೇರೆಯಾಗುವುದುಂಟೇ? “ನೋಡಿದ್ಯಾ, ನೋಡಿದ್ಯಾ,” ಎಂದು ಸೀತಾಳ ಮೊಣಕೈ ತಿವಿದರು.

“ಎರಡು ತಿಂಗಳಿಂದ ಇದನ್ನೇ ಆಡ್ತಿದೀವಲ್ಲ ಪುಟ್ಟಿ,” ಎಂದಳು ವಂದನಾ ಮಗಳಿಗೆ. ಮುಖದಲ್ಲಿ ಗೆದ್ದವರ ಸಂತೋಷ ಇರಲಿಲ್ಲ. “ಅಭ್ಯಾಸ ಆಗಿದೆ.” ಅವಳು ಗಡಿಯಾರ ನೋಡಿ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

“ಇರಮ್ಮ, ಇರು. ನಮ್ದೊಂದು ಆಟ ನೋಡ್ಕೊಂಡು ಹೋಗು,” ಎಂದರು ಶೇಷಗಿರಿ ಗಾಬರಿಯಿಂದ. ಏನಾದರೂ ಮಾಡಿ ಅವಳನ್ನು ಕೂರಿಸಬೇಕಿತ್ತು.

ಸಂಹಿತಾ ತಾತನಿಗೊಂದು, ಅಜ್ಜಿಗೊಂದು ಚೀಟಿ ಕೊಟ್ಟಳು. ಶೇಷಗಿರಿ ನೋಡಿಕೊಂಡರು: ಒಂಬತ್ತು. ಬಹಳ ಕಡಿಮೆ. ಇಟ್ಟುಬಿಡಬಹುದು. ಆದರೆ ಸೀತಾಳ ಹತ್ತಿರ ಎಂಟು ಇದ್ದರೆ? ಐದಿದ್ದರೆ? ಅವರು ಕಾದರು. ಸೀತಾ ಅವರ ಮುಖ ನೋಡಿದರು. ಶೇಷಗಿರಿ ಮುಖದಲ್ಲಿ ಏನೂ ತೋರಗೊಡಲಿಲ್ಲ, ನಿಯಮ. ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಎದುರು ಮನೆಯ ಕುಕ್ಕರು ಮೂರು ಸೀಟಿ ಹಾಕಿತು. ಸೀತಾ ಇನ್ನೊಮ್ಮೆ ಗಂಡನ ಮುಖ ನೋಡಿ, ನಿಟ್ಟುಸಿರು ಬಿಟ್ಟು, ತಮ್ಮ ಚೀಟಿ ಇಟ್ಟರು.

ಎಂಬತ್ತಮೂರು.

“ತಾತಾ!” ಎಂದು ಸಂಹಿತಾ ಅವರ ಕೈಯಿಂದ ಚೀಟಿ ಕಿತ್ತುಕೊಂಡಳು. “ಒಂಬತ್ತು! ಒಂಬತ್ತು ಇಟ್ಕೊಂಡು ಕೂತಿದಾರೆ!”

ಗುರುಚರಣ್ ಕೂಡ ನಕ್ಕುಬಿಟ್ಟ. ಸೀತಾ ನಗಲಿಲ್ಲ.

“ಒಂಬತ್ತು ಇಟ್ಕೊಂಡು ಯಾಕ್ರೀ ಕೂತಿದ್ರಿ?”

“ನಿನ್ನ ಹತ್ರ ಅದಕ್ಕಿಂತ ಕಡಿಮೆ ಇದ್ರೆ ಅಂತ. ಮುಂದಿನ ಸ್ಟೇಷನ್ನಿಂದ ಲೈನ್ ಕ್ಲಿಯರ್ ಸಿಗದೆ ಗಾಡಿ ಬಿಡೋಕಾಗತ್ತಾ?”

“ಯಾರು ಕೊಡ್ಬೇಕು ನಿಮಗೆ ಲೈನ್ ಕ್ಲಿಯರು? ಎಷ್ಟು ಹೊತ್ತು ಕಾದೆ ನಾನು! ನೀವು ಗೋಡೆ ಥರ ಕೂತ್ರೆ ನಾನೇನು ತಿಳ್ಕೊಳ್ಳಲಿ? ಇವರ ಹತ್ರ ತೊಂಬತ್ತೋ ತೊಂಬತ್ತೈದೋ ಇದೆ ಅಂತ ತಾನೇ?”

“ಆಟಕ್ಕೆ ಯಾಕೆ ಇಷ್ಟು ಸಿಟ್ಟು ಮಾಡ್ಕೋತೀಯೇ?”

“ಆಟಕ್ಕಲ್ಲ.” ಸೀತಾ ತಮ್ಮ ಚೀಟಿಯನ್ನು ಬೋರಲು ಹಾಕಿದರು. “ನಮ್ಮಪ್ಪ ಬಂದಾಗಲೂ ಹೀಗೇ ಕೂತಿದ್ರಿ.”

ಶೇಷಗಿರಿ ಕಣ್ಣು ಪಿಳಿಪಿಳಿ ಬಿಟ್ಟರು. ಸೀತಾಳ ತಂದೆ ತೀರಿಕೊಂಡೇ ಇಪ್ಪತ್ತು ವರ್ಷದ ಮೇಲಾಗಿತ್ತು.

“ಅರಸೀಕೆರೆ ಕ್ವಾರ್ಟರ್ಸಿಗೆ ಬಂದಿದ್ರಲ್ಲ, ಕಣ್ಣಿನ ಆಪರೇಷನ್ ಆದ್ಮೇಲೆ. ಒಂದು ತಿಂಗಳು ಇರ್ಲಿ ಅಂತ ನಾನೇ ಕರೆಸಿದ್ದೆ. ಒಂದು ದಿನ ಒಂದು ಮಾತಾಡ್ಲಿಲ್ಲ ನೀವು. ಊಟಕ್ಕೆ ಕೂತ್ರೆ ತಟ್ಟೆ ನೋಡ್ಕೊಂಡು ಉಣ್ಣೋದು, ಎದ್ದು ಹೋಗೋದು. ಒಂಬತ್ತನೇ ದಿನ ಕಣ್ಣಿಗೆ ಪಟ್ಟಿ ಕಟ್ಕೊಂಡೇ ಹೊರಟ್ರು ಅವ್ರು.”

“ನಾನೇ ರೈಲು ಹತ್ತಿಸಿದ್ನಲ್ಲ! ಕಿಟಕಿ ಪಕ್ಕದ ಸೀಟು ಕೊಡಿಸಿದ್ದೆ,” ಎಂದರು ಶೇಷಗಿರಿ. ನಿಜಕ್ಕೂ ಅವರಿಗೆ ನೆನಪಿದ್ದದ್ದು ಆ ಸೀಟು ಮಾತ್ರ.

“ಕೊಡಿಸಿದ್ರಿ. ಇರಿ ಅನ್ಲಿಲ್ಲ. ಆಮೇಲೆ ಅವರು ನಮ್ಮನೆ ಹೊಸಲು ತುಳೀಲಿಲ್ಲ.” ಸೀತಾ ಸೆರಗಿನಿಂದ ಮೂಗು ಒರೆಸಿಕೊಂಡು ಸೊಸೆಯತ್ತ ತಿರುಗಿದರು. “ಗುರು ನಿಮ್ಮ ಮಾವನ್ನ ಕೇಳೇ ಇಲ್ಲ ಕಣಮ್ಮ. ಅವನದ್ದಲ್ಲ ತಪ್ಪು. ಕೇಳ್ಬೇಡ ಅಂದೋಳು ನಾನು. ಅವರು ಬೇಡ ಅನ್ನಲ್ಲ, ಆದ್ರೆ ನಮ್ಮಪ್ಪಂಗೆ ಆದದ್ದೇ ನಿಮ್ಮಮ್ಮಂಗೂ ಆಗತ್ತೆ ಅಂದೆ.”

“ಕೇಳಿಲ್ಲ ಅಂತ ಗೊತ್ತಾಗಿತ್ತು ಅತ್ತೆ,” ಎಂದಳು ವಂದನಾ ಮೆಲ್ಲಗೆ. ಆಮೇಲೆ ಗಂಡನ ಕಡೆ ನೇರವಾಗಿ ನೋಡಿದಳು. “ಆದ್ರೆ ‘ಕೇಳಿದೆ, ಅಪ್ಪ ಬೇಡ ಅಂದ್ರು’ ಅಂತ ಯಾಕೆ ಹೇಳಿದ್ರಿ ನೀವು?”

ಗುರುಚರಣ್ ಚಾಪೆಯ ದಾರ ಕೀಳುತ್ತಿದ್ದ. “ಹೇಗಿದ್ರೂ ಅದೇ ಉತ್ತರ ಅಲ್ವಾ ಅಂದ್ಕೊಂಡೆ.”

“ಏನನ್ನ ಕೇಳ್ಬೇಕಿತ್ತು ನನ್ನ?” ಎಂದರು ಶೇಷಗಿರಿ. ಅವರ ದನಿ ಅವರಿಗೇ ಅಪರಿಚಿತವಾಗಿತ್ತು. “ಯಾರಾದ್ರೂ ಬಿಡಿಸಿ ಹೇಳ್ತೀರಾ?”

ವಂದನಾ ಚೀಲವನ್ನು ಕೆಳಗಿಡದೆಯೇ ಅವರ ಕಡೆ ತಿರುಗಿ ಕೂತಳು.

“ನಾನೇ ಕೇಳ್ತೀನಿ ಮಾವ. ನಮ್ಮಣ್ಣಂಗೆ ಕಲಬುರಗಿಗೆ ವರ್ಗ ಆಗಿದೆ. ಏಪ್ರಿಲಲ್ಲಿ ಹೋಗ್ತಾನೆ. ಆ ಬಿಸಿಲಿಗೆ ಅಮ್ಮ ಹೋಗೋ ಸ್ಥಿತೀಲಿ ಇಲ್ಲ. ಅವಳಿಗೋಸ್ಕರಾನೇ ಆ ಗ್ರೌಂಡ್ ಫ್ಲೋರ್ ಮನೆ ನೋಡಿದ್ದು. ಮೆಟ್ಟಿಲೂ ಹತ್ತೋಕಾಗಲ್ಲ, ಹಾಗಾಗಿ ಮಹಡಿ ಮೇಲೆ ನಮ್ಮ ಜೊತೆ ಇರೋಕೂ ಆಗಲ್ಲ. ಕೆಳಗಡೆ ಬಚ್ಚಲಿರೋ ರೂಮು ಅಂದ್ರೆ ನಿಮ್ಮ ಆಫೀಸು ಒಂದೇ. ನಮ್ಮಮ್ಮ ಬಂದು ಅದರಲ್ಲಿ ಇರ್ಬೋದಾ? ಒಂದು ತಿಂಗಳಿಗಲ್ಲ, ಇನ್ನು ಮೇಲೆ ಇಲ್ಲೇ.”

ನಾಲ್ಕು ಜೊತೆ ಕಣ್ಣುಗಳು ಶೇಷಗಿರಿಯವರ ಮೇಲೆ ನಿಂತವು. ಖಂಡಿತ ಬರಲಿ ಎಂದು ಹೇಳಲು ಅವರು ಬಾಯಿ ತೆರೆದರು. ಮಾತು ಬರಲಿಲ್ಲ. ಅವರ ಮೇಜು, ಅವರ ಪೇಪರು, ಬೆಳಿಗ್ಗೆ ಬನಿಯನ್ನಿನಲ್ಲಿ ಕಾಲು ಚಾಚಿ ಕೂರುವ ಆ ಒಂದು ಗಂಟೆ. ಬೀಗಿತ್ತಿ ಮನೆಯಲ್ಲಿದ್ದರೆ ಅಂಗಿ ಹಾಕಿಕೊಂಡೇ ಇರಬೇಕು, ಕೆಮ್ಮಿ ಓಡಾಡಬೇಕು, ಏನು ಮಾತಾಡಬೇಕೋ ತಿಳಿಯದೆ ತಟ್ಟೆ ನೋಡಿಕೊಂಡು ಉಣ್ಣಬೇಕು. ಆಗ ಮಾವನವರ ಮುಂದೆ ಕೂತದ್ದೂ ಹೀಗೆಯೇ. ದ್ವೇಷವಿರಲಿಲ್ಲ, ಮಾತು ಸಿಕ್ಕಿರಲಿಲ್ಲ, ಜೊತೆಗೆ ಮನಸ್ಸೂ ಇರಲಿಲ್ಲ. ಈಗಲೂ ಮನಸ್ಸಿಲ್ಲ. ಅವರಿಗೆ ಬಹಳ ನಾಚಿಕೆಯಾಯಿತು. ತಮ್ಮನ್ನು ಕೇಳದೆಯೇ ಎಲ್ಲರೂ ಸರಿಯಾಗಿ ಊಹಿಸಿದ್ದರು.

ಗಡಿಯಾರ ನಾಲ್ಕೂವರೆ ದಾಟಿತ್ತು. ವಂದನಾ ಮಾವನ ಮುಖವನ್ನು ಇನ್ನೊಂದು ಕ್ಷಣ ನೋಡಿ, ತಲೆಯಾಡಿಸಿ, ಚೀಲ ಹೆಗಲಿಗೇರಿಸಿ ಏಳಲು ಹೋದಳು.

“ಇಷ್ಟ ಇಲ್ಲಮ್ಮ,” ಎಂದರು ಶೇಷಗಿರಿ.

“ಅಪ್ಪ!” ಎಂದ ಗುರುಚರಣ್.

“ನೀನು ಸುಮ್ನಿರೋ. ಕೇಳಿದ್ದು ನನ್ನನ್ನ.” ಅವರು ಸೊಸೆಯ ಕಡೆ ತಿರುಗಿದರು. “ನಿಜ ಹೇಳ್ತೀನಿ ವಂದನಾ. ನನಗೆ ಇಷ್ಟ ಇಲ್ಲ. ಆ ರೂಮು ಬಿಡೋಕೆ ಮನಸ್ಸಿಲ್ಲ. ನಿಮ್ಮಮ್ಮನ ಹತ್ರ ಏನು ಮಾತಾಡ್ಬೇಕೋ ನನಗೆ ಗೊತ್ತಾಗಲ್ಲ, ಅದೂ ಒಂದು ಸಂಕಟ. ಹದಿನೈದು ದಿನ ಮುಖ ಊದಿಸ್ಕೊಂಡು ಓಡಾಡ್ತೀನಿ ಅಂತ ಈಗ್ಲೇ ಕಾಣ್ತಿದೆ.” ಅವರು ಉಸಿರು ಎಳೆದುಕೊಂಡರು. “ಆದ್ರೂ ಬರ್ಲಿ. ಬಂದು ಇರ್ಲಿ. ನೀವು ಯಾರೂ ಹೋಗ್ಬೇಡಿ.”

ವಂದನಾ ಅಳುವೋ ನಗುವೋ ತಿಳಿಯದಂಥ ಒಂದು ಸದ್ದು ಮಾಡಿ, ಹೆಗಲ ಚೀಲ ಜಾರಿಸಿ, ಅಲ್ಲೇ ಚಾಪೆಯ ಮೇಲೆ ಕೂತಳು. “ಹದಿನೈದು ದಿನ ತಾನೇ ಮಾವ,” ಎಂದಳು. “ಮುಖ ಊದಿಸ್ಕೊಳ್ಳಿ. ಅಮ್ಮಂಗೆ ಮೊದ್ಲ ದಿನಾನೇ ಹೇಳಿರ್ತೀನಿ.” ಆಮೇಲೆ ಗಂಡನ ಕಡೆ ನೋಡದೆ, ಆದರೆ ಮಗಳ ಮೂಲಕವೂ ಅಲ್ಲದೆ, “ಯಲ್ಲಮ್ಮನವರಿಗೆ ನೀವೇ ಫೋನ್ ಮಾಡಿ. ಕ್ಷಮಾಪಣೆ ಕೇಳಿ,” ಎಂದಳು. ಗುರುಚರಣ್ ಮೊಬೈಲ್ ಹಿಡಿದು ಹೊರಗೆ ಓಡಿದ. ನಂಬರೇ ಗೊತ್ತಿಲ್ಲವೆಂದು ನೆನಪಾಗಿ ಮತ್ತೆ ಒಳಗೆ ಬಂದ. ಸಂಹಿತಾ ಅವನನ್ನು ನೋಡಿ ಕಿಸಕ್ಕನೆ ನಕ್ಕಳು.

ಶೇಷಗಿರಿಯವರಿಗೆ ಹಗುರವಾಯಿತೋ ಭಾರವಾಯಿತೋ ಗೊತ್ತಾಗಲಿಲ್ಲ. ತಾವು ಮಾಡಿದ್ದು ಸರಿಯೋ ಎಂದು ಕೇಳುವ ಹಾಗೆ ಅವರು ಹೆಂಡತಿಯ ಕಡೆ ತಿರುಗಿದರು. ಸೀತಾ ಕದಲದೆ ಕೂತಿದ್ದರು. ಕಣ್ಣಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ.

“ಇಷ್ಟ ಇಲ್ಲ, ಆದ್ರೂ ಇರಿ ಅಂತ ಅಷ್ಟು ಅಂದಿದ್ರೂ ಸಾಕಿತ್ತು ಕಣ್ರೀ,” ಎಂದರು ಸೀತಾ. “ನಮ್ಮಪ್ಪ ಇರ್ತಿದ್ರು.”